ಇನ್‌ಫ್ರಾರೆಡ್ ಟೆಸ್ಟಿಂಗ್‌ಗೆ ಲಿಕ್ವಿಡ್ ನೈಟ್ರೋಜನ್ನಾ, ಕ್ರಯೋಕೂಲರ್ರಾ?

ಲ್ಯಾಬಲ್ಲಿ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು) ಹಿಡಿಯೋ ಡಿಟೆಕ್ಟರ್ ಟೆಸ್ಟ್ ಮಾಡೋಕೆ ಹೊರಟಿದ್ರೆ ಮೊದ್ಲು ನೋಡ್ಬೇಕಾಗಿರೋದು ರೇಟಲ್ಲ, ಎಷ್ಟು ತಣ್ಣಗೆ ಬೇಕು ಅನ್ನೋದು. ರೂಮ್ ಟೆಂಪರೇಚರ್‌ನಲ್ಲಿ ಗೋಡೆ, ಲೆನ್ಸ್, ಡಬ್ಬ ಎಲ್ಲಾನೂ 10 ಮೈಕ್ರಾನ್ ತರಂಗಾಂತರದ ಸುತ್ತ ಇನ್‌ಫ್ರಾರೆಡ್‌ನಲ್ಲಿ ಬೆಳಗ್ತಾ ಇರುತ್ತೆ, ಅದ್ರಲ್ಲಿ ಮಸುಕು ನಕ್ಷತ್ರದ ಸಿಗ್ನಲ್ ಎಲ್ಲಿ ಹುಡುಕ್ತೀರಾ.

ಲಿಕ್ವಿಡ್ ನೈಟ್ರೋಜನ್ ಅಂದ್ರೆ 77 ಕೆಲ್ವಿನ್ (ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್). ಅಗ್ಗ, ಮೋಟರ್ ಇಲ್ಲ, ಹಾಗಾಗಿ ಅದುರೋದು ತುಂಬಾ ಕಮ್ಮಿ. ಆದ್ರೆ ಮತ್ತೆ ಮತ್ತೆ ತುಂಬಿಸ್ಬೇಕು, ಮುಚ್ಚಿದ ರೂಮಲ್ಲಿ ಆವಿಯಾದ್ರೆ ಆಕ್ಸಿಜನ್ ಕಮ್ಮಿಯಾಗಿ ಜೀವಕ್ಕೇ ಅಪಾಯ, ಆಕ್ಸಿಜನ್ ಅಲಾರಂ ಇಲ್ದೆ ದಯವಿಟ್ಟು ಶುರು ಮಾಡ್ಬೇಡಿ.

ಕ್ರಯೋಕೂಲರ್ (ಅತಿ ತಣ್ಣಗೆ ಮಾಡೋ ಫ್ರಿಜ್ ಥರದ ಮೆಷಿನ್) ದುಬಾರಿ, ಕರೆಂಟ್ ಜಾಸ್ತಿ, ಅದುರಾಟ ಇಮೇಜ್‌ನಲ್ಲಿ ಕಾಣ್ಬೋದು. ಆದ್ರೆ ವಾರಗಟ್ಲೆ ತಾನಾಗೇ ಓಡುತ್ತೆ, ಮುಖ್ಯವಾಗಿ 77ಕ್ಕಿಂತ ತುಂಬಾ ಕೆಳಗೆ ಹೋಗುತ್ತೆ. ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್‌ನ ನಿಯರ್ ಇನ್‌ಫ್ರಾರೆಡ್ ಡಿಟೆಕ್ಟರ್‌ಗಳಿಗೆ ಸುಮಾರು 40 ಕೆಲ್ವಿನ್ ಬೇಕು, ಅದರ ಮಿಡ್ ಇನ್‌ಫ್ರಾರೆಡ್ ಉಪಕರಣ ಮಿರಿಯ ಡಿಟೆಕ್ಟರ್‌ಗೆ 7ಕ್ಕಿಂತ ಕಮ್ಮಿ, ಅಲ್ಲಿ ನೈಟ್ರೋಜನ್ ಒಂದೇ ಸಾಕಾಗಲ್ಲ.

ದೊಡ್ಡೋರು ಎರಡೂ ಸೇರಿಸ್ತಾರೆ. 2017ರಲ್ಲಿ ಹ್ಯೂಸ್ಟನ್‌ನಲ್ಲಿ ನಾಸಾದ ಚೇಂಬರ್ ಎ ಅನ್ನೋ ದೊಡ್ಡ ವ್ಯಾಕ್ಯೂಮ್ ಕೋಣೆ ಒಳಗೆ ವೆಬ್‌ನ ಕನ್ನಡಿ, ಉಪಕರಣ ಒಟ್ಟಿಗೆ ಟೆಸ್ಟ್ ಮಾಡಿದಾಗ ಹೊರಗಿನ ಪದರಕ್ಕೆ ನೈಟ್ರೋಜನ್, ಒಳಗಿನದಕ್ಕೆ ಕೂಲಿಂಗ್ ಮೆಷಿನ್‌ನಿಂದ ತಣ್ಣಗಾದ ಹೀಲಿಯಂ ಗ್ಯಾಸ್. ಹಾರ್ವೆ ಚಂಡಮಾರುತ ಬಂದ್ರೂ ಟೆಸ್ಟ್ ನಿಲ್ಲಲಿಲ್ಲ, ಆ ಟೀಮ್ ಬಗ್ಗೆ ನಂಗೆ ತುಂಬಾ ಗೌರವ.

ನಿಮ್ಮ ಡಿಟೆಕ್ಟರ್ ನೋಡೋ ತರಂಗಾಂತರ 2.5 ಮೈಕ್ರಾನ್ ಒಳಗಿದ್ರೆ ನೈಟ್ರೋಜನ್ ತಗೊಳ್ಳಿ, ಉಳಿದ ದುಡ್ಡು ಒಳ್ಳೆ ವ್ಯಾಕ್ಯೂಮ್ ಪಂಪ್‌ಗೆ ಹಾಕಿ. 5 ಮೈಕ್ರಾನ್ ತನಕ ಮಸುಕು ಸಿಗ್ನಲ್ ಅಳೀಬೇಕು ಅಂದ್ರೆ ಕೂಲರ್ರೇ, ಜೊತೆಗೆ ಅದುರಾಟ ತಡೆಯೋ ಮೆತ್ತನೆ ತಾಮ್ರದ ಪಟ್ಟಿನೂ ತಗೊಳ್ಳಿ.