ಹೊಸ ಹಾವು ತಂದ ದಿನವೇ ಇಲಿ ಬಿಡಬೇಡಿ

ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ ನೀರು, ಆಮೇಲೆ ಊಟ. ದೂರದಿಂದ ಬಂದವರನ್ನು ಹಸಿದು ಕೂರಿಸುವುದಿಲ್ಲ. ನಾನು ಹಾವಿಗೂ ಹಾಗೇ ಮಾಡಿದೆ. ಹಾವು ಸಾಕಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಕಳೆದ ಜುಲೈನಲ್ಲಿ ಬೆಂಗಳೂರಿನಿಂದ ಒಂದು ಬಾಲ್ ಪೈಥಾನ್ ಮರಿ ತಂದೆ. ಆಫ್ರಿಕಾದ ಹೆಬ್ಬಾವಿನ ಜಾತಿ, ವಿಷ ಇಲ್ಲ, ಉದ್ದ ಎರಡಡಿಯೂ ಇರಲಿಲ್ಲ. ನಮ್ಮ ಕಾಡು ತೋಟದ ಹಾವು, ಕೇರೆಯೇ ಆಗಿರಲಿ, ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್‌ಗೂ ಪರಿವೇಶ್ ಅನ್ನುವ ಕೇಂದ್ರ ಪರಿಸರ ಸಚಿವಾಲಯದ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಕಾಗದಪತ್ರ ಇಲ್ಲದೆ ಕೊಡುವವರಿಂದ ತರಲೇಬೇಡಿ. ನನ್ನದು ಕಾಗದ ಎಲ್ಲ ಸರಿ ಇತ್ತು. ಆದರೆ ಮಾರಿದವನು ಹೇಳಿಕೊಟ್ಟಿದ್ದು ಒಂದೇ ಮಾತು: "ಒಂದು ವಾರದಿಂದ ತಿಂದಿಲ್ಲ ಸಾರ್, ಹೋದ ತಕ್ಷಣ ಜೀವಂತ ಇಲಿ ಬಿಡಿ."

ಕಾರಿನಲ್ಲಿ ಏಳು ಗಂಟೆ ದಾರಿ. ಸಾಗರ ದಾಟಿ ಮನೆ ಮುಟ್ಟಿದಾಗ ಪುನರ್ವಸು ಮಳೆ ಒಂದೇ ಸಮ ಹೊಡೆಯುತ್ತಿತ್ತು. ಆ ಮಳೆಯಲ್ಲೂ ಅಕ್ಕಪಕ್ಕದವರೆಲ್ಲ ನೋಡಲು ಬಂದರು. ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಕೈಯಲ್ಲಿ ಹಿಡಿದರು. ದೊಡ್ಡಮ್ಮ ಬಟ್ಟಲಲ್ಲಿ ಹಾಲು ತಂದರು. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ ದೊಡ್ಡಮ್ಮಾ ಅಂತ ಹೇಳಿ ನೀರಿಟ್ಟೆ.

ಸಂಜೆ ಉಗ್ರಾಣದ ಬೋನಿಗೆ ಬಿದ್ದಿದ್ದ ಇಲಿಯನ್ನು ಪೆಟ್ಟಿಗೆಯೊಳಗೆ ಬಿಟ್ಟೆ. ಹಾವು ತಲೆಯನ್ನು ಒಳಗೆ ಹುದುಗಿಸಿಕೊಂಡು ಚೆಂಡಿನ ಹಾಗೆ ಸುತ್ತಿಕೊಂಡಿತು. ಹೆದರಿದಾಗ ಈ ಜಾತಿ ಮಾಡುವುದೇ ಹಾಗೆ, ಬಾಲ್ ಅನ್ನುವ ಹೆಸರೂ ಅದರಿಂದಲೇ ಬಂದಿದ್ದು. ರಾತ್ರಿ ತಿನ್ನಬಹುದು ಅಂತ ಮುಚ್ಚಳ ಹಾಕಿ ಮಲಗಿದೆ. ನಡುರಾತ್ರಿ ಕರೆಂಟ್ ಹೋಯಿತು.

ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿದರೆ ಇಲಿ ಮೂಲೆಯಲ್ಲಿ ಕೂತು ಮೀಸೆ ಉಜ್ಜಿಕೊಳ್ಳುತ್ತಿತ್ತು. ಹಾವಿನ ಬೆನ್ನ ಮೇಲೆ, ಬಾಲದ ಕಡೆ, ಹೆಬ್ಬೆರಳಿನಷ್ಟು ಅಗಲ ಚರ್ಮವೇ ಇರಲಿಲ್ಲ. ಒಳಗಿನ ಮಾಂಸ ಕಾಣುತ್ತಿತ್ತು. ಹಾಸಿದ್ದ ಪೇಪರಿನಲ್ಲಿ ರಕ್ತ ಒಣಗಿ ಕಂದಾಗಿತ್ತು. ಕೈಗೆತ್ತಿಕೊಂಡರೆ ಬಾವಿ ಹಗ್ಗದ ಹಾಗೆ ತಣ್ಣಗೆ.

ತಕ್ಷಣ ಶಿವಮೊಗ್ಗದ ಪಶುವೈದ್ಯರ ಹತ್ತಿರ ಹೋದೆ. ಹಾವಿನ ಮೈಗೆ ಬಿಸಿ ಹೊರಗಿನಿಂದಲೇ ಬರಬೇಕು, ತಣ್ಣಗಾದ ಹಾವು ಇಲಿಯನ್ನು ಹಿಡಿಯಲೂ ಆರದು, ಅರಗಿಸಿಕೊಳ್ಳಲೂ ಆರದು ಅಂದರು. ಬೋನಿನ ಇಲಿಯಲ್ಲಿ ಹುಳು ಇರಬಹುದು, ಪಾಷಾಣವನ್ನೂ ತಿಂದಿರಬಹುದು. ಆರೋಗ್ಯವಾಗಿರುವ ಬಾಲ್ ಪೈಥಾನ್ ವಾರಗಟ್ಟಲೆ ಉಪವಾಸ ಇದ್ದರೂ ತೊಂದರೆ ಇಲ್ಲವಂತೆ. ನನ್ನ ಹಾವಿಗೆ ಆವತ್ತು ಬೇಕಾಗಿದ್ದು ಕತ್ತಲೆ, ಬಿಸಿ, ಮರೆ. ಅಷ್ಟೇ.

ಆದ್ದರಿಂದ ಮೊದಲ ವಾರ ನೀರು ಬದಲಾಯಿಸುವುದು ಬಿಟ್ಟು ಬೇರೇನೂ ಮಾಡಬೇಡಿ. ಮುಟ್ಟಬೇಡಿ, ನೆಂಟರಿಗೆ ತೋರಿಸಬೇಡಿ. ಅಡಗಲು ಎರಡು ಗೂಡು ಇಡಿ, ಬಿಸಿ ಕಡೆ ಒಂದು, ತಂಪು ಕಡೆ ಒಂದು. ಮೈ ತಾಗುವಷ್ಟು ಇಕ್ಕಟ್ಟಾಗಿದ್ದರೇ ಅದಕ್ಕೆ ಧೈರ್ಯ. ಬಿಸಿ ಕಡೆ 31-32 ಡಿಗ್ರಿ, ತಂಪು ಕಡೆ 25-26. ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಹಾಕಿದರೆ ಹಾವಿನ ಹೊಟ್ಟೆ ಸುಡುತ್ತದೆ. ಮಲೆನಾಡಿನವರು ಇದಕ್ಕೆಂದೇ ಇನ್ವರ್ಟರ್ ಲೈನ್ ಎಳೆಸಿಕೊಳ್ಳಿ. ಅದೂ ಕೈಕೊಟ್ಟರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪೆಟ್ಟಿಗೆಗೆ ಹೊರಗಿನಿಂದ ಒತ್ತಿಡಿ.

ಊಟ ಆಮೇಲೆ. ಜೀವಂತ ಇಲಿ ಬೇಡವೇ ಬೇಡ. ಆಹಾರಕ್ಕೆಂದೇ ಸಾಕಿ, ಫ್ರೀಜ್ ಮಾಡಿದ ಇಲಿ ತನ್ನಿ. ಫ್ರಿಜ್‌ನಲ್ಲಿ ಮೆತ್ತಗಾಗಲು ಬಿಟ್ಟು, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಸಂಜೆ ಮೇಲೆ ಉದ್ದ ಚಿಮಟದಲ್ಲಿ ಹಿಡಿಯಿರಿ. ಹಾವಿನ ಮೈ ಎಲ್ಲಿ ಜಾಸ್ತಿ ದಪ್ಪವೋ ಇಲಿ ಅದಕ್ಕಿಂತ ದಪ್ಪ ಇರಬಾರದು. ತಿನ್ನದಿದ್ದರೆ ತೆಗೆದುಬಿಡಿ, ಇನ್ನೊಂದು ವಾರ ಸುಮ್ನೆ ಇರಿ. ತಿಂದರೆ ಎರಡು ದಿನ ಮುಟ್ಟಬೇಡಿ, ಕಕ್ಕಿಬಿಡುತ್ತದೆ. ಕಕ್ಕಿದರೆ ಎರಡು ವಾರ ಬರೀ ನೀರು. ಉಸಿರಾಡುವಾಗ ಸೀಟಿಯಂಥ ಸದ್ದು ಬಂದರೆ, ಬಾಯಲ್ಲಿ ನೊರೆ ಕಂಡರೆ ಶೀತ ಹಿಡಿದಿದೆ ಅಂತ ಕಾಯುತ್ತಾ ಕೂರದೆ ಡಾಕ್ಟರ ಹತ್ತಿರ ಹೋಗಿ.

ನಮ್ಮದು ಮೊದಲ ತುತ್ತು ತಿಂದಿದ್ದು ಬಂದ 41ನೇ ದಿನ, ದೀಪ ಆರಿಸಿ ಎಲ್ಲರೂ ಹೊರಗೆ ಹೋದ ಮೇಲೆ. ಎರಡು ಸಲ ಪೊರೆ ಬಿಟ್ಟಿದೆ. ಗಾಯ ಮುಚ್ಚಿದೆ, ಆದರೆ ಆ ಜಾಗದಲ್ಲಿ ಇವತ್ತಿಗೂ ಹುರುಪೆ ಬಂದಿಲ್ಲ.