ಸೀರಿಯಲ್ ಯೂನಿಟ್‌ಗೆ ಅಸಿಸ್ಟೆಂಟ್ ಆಗಿ ಸೇರುವ ಮುಂಚೆ ಇದನ್ನು ಓದಿ

"ಮೊದಲು ಕೆಲಸ ಕಲಿ, ಪೇಮೆಂಟ್ ಆಮೇಲೆ ಮಾತಾಡೋಣ." ಅಸಿಸ್ಟೆಂಟ್ ಡೈರೆಕ್ಟರ್ ಕೆಲಸ ಕೇಳಲು ಹೋದಾಗ ಯಾರಾದರೂ ಹೀಗೆಂದರೆ ಎದ್ದು ಬನ್ನಿ. ಬೆಂಗಳೂರಿನ ಒಂದು ಯೂನಿಟ್‌ನಲ್ಲಿ ನನಗೂ ಇದನ್ನೇ ಹೇಳಿದ್ದರು. ಆ ದುಡ್ಡು ಇವತ್ತಿಗೂ ಬಂದಿಲ್ಲ.

ರಾಜರಾಜೇಶ್ವರಿ ನಗರದ ಕಡೆ ಒಂದು ಬಾಡಿಗೆ ಮನೆಯಲ್ಲಿ ಶೂಟಿಂಗ್. ಬೆಳಿಗ್ಗೆ ಏಳಕ್ಕೆಲ್ಲ ಸೆಟ್‌ನಲ್ಲಿರಬೇಕು. ಆರ್ಟಿಸ್ಟ್‌ಗಳಿಗೆ ಸೀನ್ ಪೇಪರ್ ತಲುಪಿಸಬೇಕು, ಕ್ಲಾಪ್ ಹೊಡೆಯಬೇಕು, ಕ್ಯಾಮೆರಾ ಪಕ್ಕ ನಿಂತು ಡೈಲಾಗ್ ಪ್ರಾಂಪ್ಟ್ ಮಾಡಬೇಕು. ನಿನ್ನೆ ಸೊಸೆ ಯಾವ ಸೀರೆ ಉಟ್ಟಿದ್ದಳು, ಬಳೆ ಯಾವ ಕೈಯಲ್ಲಿತ್ತು ಅಂತ ಕಂಟಿನ್ಯುಟಿ ಬರೆಯಬೇಕು. ನಾನು ಅರ್ಧ ಗಂಟೆ ತಡವಾದರೆ ಫೋನ್ ಮೇಲೆ ಫೋನ್. ದುಡ್ಡು ಕೇಳಿದಾಗ ಮಾತ್ರ ನಾನು ಕಲಿಯೋಕೆ ಬಂದ ಹುಡುಗ!

ಲೈಟ್‌ನವರಿಗೆ ಬಾಟಾ, ಅಂದರೆ ದಿನದ ಭತ್ಯೆ, ತಪ್ಪಿದರೆ ಅವರು ಕೆಲಸ ನಿಲ್ಲಿಸುತ್ತಾರೆ, ಬೆನ್ನಿಗೆ ಸಂಘವಿದೆ. ಹೊಸ ಅಸಿಸ್ಟೆಂಟ್ ಹತ್ತಿರ ಸಂಘದ ಸದಸ್ಯತ್ವದ ಕಾರ್ಡ್ ಇರುವುದಿಲ್ಲ. ಮ್ಯಾನೇಜರ್ "ಚಾನೆಲ್‌ನಿಂದ ಬಂದಿಲ್ಲಪ್ಪ" ಅನ್ನುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಹಿಂದಿ ಸೀರಿಯಲ್‌ಗಳಲ್ಲಿ ನಟರಿಗೇ 90 ದಿನ ಆದಮೇಲೆ ಪೇಮೆಂಟ್ ಬರುವುದು ಹಳೆಯ ಪದ್ಧತಿ. ಆದರೆ ನಮ್ಮ ಪಿಜಿ ಆಂಟಿ 90 ದಿನ ಕಾಯುತ್ತಾರಾ?

ನಮ್ಮ ಟೀಮ್‌ನಲ್ಲಿ ಕೊನೆಗೆ ಉಳಿದವನು ಬನಶಂಕರಿಯಲ್ಲಿ ಸ್ವಂತ ಮನೆ ಇರುವ ಹುಡುಗ. ಒಳ್ಳೆಯವನೇ, ಅವನ ಮೇಲೆ ಕೋಪ ಇಲ್ಲ. ಅವನಿಗೆ ಮನೆ ಊಟವಿತ್ತು, ಅಪ್ಪನ ಬೈಕ್ ಇತ್ತು, ಒಂದು ವರ್ಷ ಸಂಬಳ ಬರದಿದ್ದರೂ ನಡೆಯುತ್ತಿತ್ತು. ರಾಯಚೂರಿನಿಂದ ಬಂದಿದ್ದ ಇನ್ನೊಬ್ಬ ಅಸಿಸ್ಟೆಂಟ್ ನಮ್ಮಿಬ್ಬರಿಗಿಂತ ಚೆನ್ನಾಗಿ ಸೀನ್ ಬರೆಯುತ್ತಿದ್ದ. ರಾತ್ರಿ ಪ್ಯಾಕಪ್ ಆದಮೇಲೆ ದೊಡ್ಡ ಆರ್ಟಿಸ್ಟ್‌ಗಳಿಗೆ ಕಾರು, ಅವನಿಗೆ ಕೊನೆ ಬಸ್ಸು, ಸಿಕ್ಕರೆ. ಈಗ ಫುಡ್ ಡೆಲಿವರಿ ಮಾಡುತ್ತಿದ್ದಾನೆ. ನಾಳೆ ಡೈರೆಕ್ಟರ್ ಆಗುವವರು ಯಾರು, ನೀವೇ ಹೇಳಿ. ಸೀರಿಯಲ್‌ಗಳ ತುಂಬ ಬರೀ ಬಂಗಲೆಗಳೇ ಯಾಕಿರುತ್ತವೆ ಅನ್ನುವುದಕ್ಕೂ ಇದೇ ಕಾರಣವೋ ಏನೋ.

ಜೂನಿಯರ್ ಆರ್ಟಿಸ್ಟ್‌ಗಳ ಪಾಡು ಇನ್ನೂ ಕಡೆ. ಮಲಯಾಳಂ ಚಿತ್ರರಂಗದಲ್ಲಿ ಹೆಂಗಸರ ಪರಿಸ್ಥಿತಿ ಬಗ್ಗೆ ಕೇರಳದ ಹೇಮಾ ಸಮಿತಿ ಕೊಟ್ಟ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಎಲ್ಲರೂ ಸ್ಟಾರ್‌ಗಳ ಹೆಸರನ್ನೇ ಹುಡುಕಿದರು. ಜೂನಿಯರ್‌ಗಳಿಗೆ ಟಾಯ್ಲೆಟ್ ಇಲ್ಲ, ಅವರ ದುಡ್ಡಲ್ಲಿ ಏಜೆಂಟರು ಪಾಲು ಮುರಿದುಕೊಳ್ಳುತ್ತಾರೆ ಅಂತಲೂ ಅದರಲ್ಲಿತ್ತು. ನಮ್ಮ ಸೆಟ್‌ನಲ್ಲೂ ಹೆಂಗಸರು ಪಕ್ಕದ ಮನೆಯವರನ್ನು ಕೇಳಿಕೊಂಡು ಹೋಗಬೇಕಿತ್ತು.

ಸಿನಿಮಾ ಕೆಲಸಗಾರರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು ಅಂತ 1981ರಲ್ಲೇ ಕೇಂದ್ರದ ಕಾನೂನು ಬಂತು. 2020ರ ಕಾರ್ಮಿಕ ಸಂಹಿತೆಯಲ್ಲಿ ಟಿವಿ ಸೀರಿಯಲ್‌ನವರೂ ಸೇರಿದ್ದಾರೆ. ಸೆಟ್‌ನಲ್ಲಿ ಅದರ ಮಾತೆತ್ತಿದರೆ ನಗುತ್ತಾರೆ. ಬಾಕಿ ಕೇಳಿದಾಗ ಅದೇ ಮ್ಯಾನೇಜರ್ ನನಗೆ "ಅಗ್ರಿಮೆಂಟ್ ಎಲ್ಲಿದೆ, ತೋರಿಸು" ಅಂದರು!

ಹಾಗಾಗಿ ದಿನಕ್ಕೆ ಎಷ್ಟು, ಯಾವಾಗ ಕೊಡುತ್ತೀರಿ ಅಂತ ಕೊನೇಪಕ್ಷ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಯಾರು ಎಷ್ಟು ಹೊತ್ತಿಗೆ ಸೆಟ್‌ಗೆ ಬರಬೇಕು ಅಂತ ಬರೆದಿರುವ ಕಾಲ್ ಶೀಟ್‌ನ ಫೋಟೊ ದಿನಾ ತೆಗೆದಿಡಿ. "ಕಾರ್ಡ್ ಮಾಡಿಸಿಕೊಡ್ತೀನಿ" ಅಂತ ದುಡ್ಡು ಕೇಳುವವರಿಗೆ ಒಂದು ಪೈಸೆ ಕೊಡಬೇಡಿ, ಸಂಘದ ಆಫೀಸಿಗೆ ನೀವೇ ಹೋಗಿ. ಟೈಟಲ್ ಕಾರ್ಡ್‌ನಲ್ಲಿ ಹೆಸರು ಹಾಕುತ್ತೇವೆ ಅನ್ನುವುದು ಸಂಬಳ ಅಲ್ಲ. ಮುಖ್ಯವಾಗಿ, ನಿಮಗಿಂತ ಮುಂಚೆ ಆ ಕೆಲಸ ಬಿಟ್ಟವರು ಯಾರು ಅಂತ ತಿಳಿದುಕೊಂಡು ಅವರಿಗೊಂದು ಫೋನ್ ಮಾಡಿ. ಮ್ಯಾನೇಜರ್ ನಂಬರ್ ಕೊಡದಿದ್ದರೆ ಲೈಟ್ ಹುಡುಗರನ್ನು ಕೇಳಿ. ಯಾರಿಗೆ ಎಷ್ಟು ಬಾಕಿ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.