ಲಾರಿಯಲ್ಲಿ 5 ಕೆಜಿ ಗ್ಯಾಸ್ ಸಿಲಿಂಡರ್: ವರ್ಷಗಟ್ಟಲೆ ಬಳಸಿದ ಮೇಲೆ

ಬೆಂಗಳೂರು–ಪುಣೆ–ಮುಂಬೈ ಲೈನಿನಲ್ಲಿ ಲಾರಿ ಓಡಿಸುತ್ತೇನೆ. ಆಗಾಗ ನಾಗಪುರದ ಕಡೆಗೂ ಲೋಡ್ ಸಿಗುತ್ತದೆ. ದಿನಕ್ಕೆ ಒಂದು ಹೊತ್ತಾದರೂ ನಾವೇ ಬೇಯಿಸಿ ಉಣ್ಣುವುದು ರೂಢಿ. ಸೀಮೆಎಣ್ಣೆ ಪಂಪ್ ಸ್ಟವ್ ಬಿಟ್ಟು 5 ಕೆಜಿಯ ಚಿಕ್ಕ ಸಿಲಿಂಡರ್ ಇಟ್ಟುಕೊಂಡು ವರ್ಷಗಳೇ ಆದವು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿ ರೀಫಿಲ್ ಕಾಟಕ್ಕೆ.

ನಾನು ಹೇಳುತ್ತಿರುವುದು ಸರ್ಕಾರಿ ತೈಲ ಕಂಪನಿಗಳ ಸಿಲಿಂಡರ್. ಇಂಡಿಯನ್ ಆಯಿಲ್‌ನವರು ಇದಕ್ಕೆ 2020ರಲ್ಲಿ 'ಛೋಟು' ಅಂತ ಹೆಸರಿಟ್ಟರು. ಬೇರೆ ಕಂಪನಿಗಳಲ್ಲೂ ಇದೇ ಅಳತೆಯದು ಇದೆ. ಮನೆ ಗ್ಯಾಸಿನ ಹಾಗೆ ವಿಳಾಸದ ದಾಖಲೆ ಕೇಳುವುದಿಲ್ಲ, ಒಂದು ಗುರುತಿನ ಚೀಟಿ ಸಾಕು. ಊರೂರು ಅಲೆಯುವ ನಮ್ಮಂಥವರಿಗೆ ಇದೇ ದೊಡ್ಡ ಅನುಕೂಲ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಡಬ್ಬಿ ಸಿಲಿಂಡರ್ ಮಾತ್ರ ಬೇಡ. ಅದಕ್ಕೆ ಮೂಲೆ ಅಂಗಡಿಯಲ್ಲಿ ದೊಡ್ಡ ಸಿಲಿಂಡರ್‌ನಿಂದ ಗ್ಯಾಸ್ ಇಳಿಸಿ ಕೊಡುತ್ತಾರೆ. ಕಾನೂನು ಪ್ರಕಾರ ತಪ್ಪು, ಜೀವಕ್ಕೂ ಅಪಾಯ.

ಇಬ್ಬರಿಗೆ ಒಂದು ಹೊತ್ತಿನ ಅಡುಗೆ, ಜೊತೆಗೆ ಎರಡು ಸಲ ಟೀ. ಇಷ್ಟಕ್ಕೆ ಒಂದು ಸಿಲಿಂಡರ್ ಹತ್ತಿರ ಹತ್ತಿರ ತಿಂಗಳು ಬರುತ್ತದೆ. ಕುಕ್ಕರ್ ಇದ್ದರೆ ಮಾತ್ರ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಕುಕ್ಕರ್ ಒಳಗೆ ಸುಮಾರು 120ಕ್ಕೆ ಹೋಗುತ್ತದೆ. ಬೇಳೆ ಬೇಯುವ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. 3 ಲೀಟರಿನದು ಇಬ್ಬರಿಗೆ ಸಾಕು. ಕೆಳಗೆ ಬೇಳೆ, ಮೇಲೆ ಡಬ್ಬಿಯಲ್ಲಿ ಅಕ್ಕಿ ಇಟ್ಟರೆ ಒಂದೇ ಉರಿಯಲ್ಲಿ ಎರಡೂ ಮುಗಿಯುತ್ತವೆ.

ಕಾಳು ನೆನೆಹಾಕುವುದಕ್ಕೆ ಲಾರಿಯಷ್ಟು ಒಳ್ಳೆ ಜಾಗ ಇಲ್ಲ. ಬೆಳಗ್ಗೆ ತುಮಕೂರಿನಲ್ಲಿ ಹುರುಳಿ ಅಥವಾ ಹೆಸರುಕಾಳು ನೀರಿಗೆ ಹಾಕಿ ಮುಚ್ಚಿಟ್ಟರೆ, ಹುಬ್ಬಳ್ಳಿ ಬೈಪಾಸ್ ಮುಟ್ಟುವಷ್ಟರಲ್ಲಿ ಉಬ್ಬಿರುತ್ತದೆ. ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ ಕ್ಯಾಬಿನ್‌ನಲ್ಲಿ ನೇತುಹಾಕಿದರೆ ಮಾರನೇ ದಿನ ಮೊಳಕೆ. ಈರುಳ್ಳಿ, ಟೊಮೇಟೊ, ಸಾರಿನ ಪುಡಿ, ಉಪ್ಪು ಹಾಕಿ ಮೂರು ವಿಷಲ್. ನಾನು ಮುದ್ದೆ ಊರಿನವನು, ರಾಗಿ ಹಿಟ್ಟು ಖಾಲಿ ಆಗಲು ಬಿಡುವುದಿಲ್ಲ. ಕ್ಲೀನರ್ ಹುಡುಗ ರಾಯಚೂರು ಕಡೆಯವನು. ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. "ಅಣ್ಣಾ, ನುಂಗೋದು ಊಟ ಹೆಂಗಾಗ್ತದ?" ಅಂತಾನೆ. ಅವನ ತಾಯಿ ಕಟ್ಟಿ ಕೊಡುವ ಕಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿ ಪುಡಿ, ಮೊಸರು ಇದ್ದರೆ ಒಲೆ ಹಚ್ಚುವ ಕೆಲಸವೂ ಇಲ್ಲ. ನಿಜ ಹೇಳಬೇಕೆಂದರೆ ಮಳೆಗಾಲದಲ್ಲಿ ಅರ್ಧ ದಿನ ನಮ್ಮನ್ನು ಸಾಕುವುದು ಆ ರೊಟ್ಟಿಯೇ.

ಢಾಬಾ ಪೂರ್ತಿ ಬಿಟ್ಟಿಲ್ಲ. ಕೊಲ್ಹಾಪುರ ಕಡೆ ಹೋದಾಗ ತಾಂಬಡಾ ರಸ್ಸಾ, ಅಂದರೆ ಅಲ್ಲಿಯ ಖಾರದ ಕೆಂಪು ಸಾರು, ತಿನ್ನದೆ ಬಂದರೆ ಅದೂ ಒಂದು ನಷ್ಟ. ಆದರೆ ದಿನಾ ಆ ಎಣ್ಣೆ, ಆ ಖಾರ ತಿಂದು ಮತ್ತೆ ರಾತ್ರಿ ಸ್ಟೇರಿಂಗ್ ಹಿಡಿದರೆ ಎದೆಯುರಿ, ಜೊತೆಗೆ ತೂಕಡಿಕೆ. ಊಟದ ಹೊತ್ತು ನಮ್ಮ ಕೈಯಲ್ಲಿರುವುದು ದುಡ್ಡಿಗಿಂತ ದೊಡ್ಡ ಲಾಭ. ಅನ್‌ಲೋಡ್‌ಗೆ ಕಾಯುತ್ತಾ ಗೋಡೌನ್ ಹೊರಗೆ ದಿನವಿಡೀ ಕೂರಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. ಅಂಥ ಕಡೆ ಹತ್ತಿರದಲ್ಲಿ ಟೀ ಅಂಗಡಿಯೂ ಇರುವುದಿಲ್ಲ.

ಈಗ ರೀಫಿಲ್ ವಿಷಯ. ಪೆಟ್ರೋಲ್ ಬಂಕ್, ಗ್ಯಾಸ್ ಏಜೆನ್ಸಿ, ಕೆಲವು ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ ಅನ್ನುವುದು ಕಾಗದದ ಮೇಲಿನ ಮಾತು. ಹೈವೇಯಲ್ಲಿ ಬೋರ್ಡ್ ಇರುತ್ತದೆ, ಒಳಗೆ ಹೋದರೆ "ಸ್ಟಾಕ್ ಇಲ್ಲ". ಅದಕ್ಕೇ ಪೂರ್ತಿ ಖಾಲಿ ಆಗುವ ತನಕ ಕಾಯಬೇಡಿ. ಕೆಜಿ ಲೆಕ್ಕ ಹಾಕಿದರೆ ಮನೆಯ 14.2 ಕೆಜಿ ಸಿಲಿಂಡರ್‌ಗಿಂತ ದುಬಾರಿ, ಅದನ್ನೂ ಮೊದಲೇ ತಿಳಿದಿರಿ. ತೆಗೆದುಕೊಳ್ಳುವಾಗ ಸೀಲ್ ನೋಡಿ, ತೂಕ ಹಾಕಿಸಿ. ಖಾಲಿ ಸಿಲಿಂಡರಿನ ತೂಕ ಅದರ ಮೈಮೇಲೇ ಬರೆದಿರುತ್ತದೆ, ಅದಕ್ಕೆ 5 ಕೆಜಿ ಕೂಡಿಸಿದರೆ ಆಯಿತು. ಕತ್ತಿನ ಹತ್ತಿರ 'ಸಿ-28' ಥರದ ಗುರುತು ಇರುತ್ತದೆ. ಅದು ಮುಂದಿನ ಪರೀಕ್ಷೆಯ ಗಡುವು. ಎ ಅಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಪಕ್ಕದ ಅಂಕಿ ಇಸವಿ, 28 ಅಂದರೆ 2028. ಗಡುವು ಮೀರಿದ್ದನ್ನು ಕೊಟ್ಟರೆ ಅಲ್ಲೇ ವಾಪಸ್ ಮಾಡಿ.

ಕ್ಯಾಬಿನ್ ಒಳಗೆ ಒಲೆ ಹಚ್ಚುವವರನ್ನು ನೋಡಿದ್ದೇನೆ, ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ಸೀಟಿನ ಕೆಳಗೆ ಕೂರುತ್ತದೆ. ಡೀಸೆಲ್ ಟ್ಯಾಂಕ್ ಇಲ್ಲದ ಬದಿಯಲ್ಲಿ, ಲಾರಿಯಿಂದ ಸ್ವಲ್ಪ ದೂರ ಸಮತಟ್ಟು ನೆಲ ನೋಡಿ ಇಡಿ. ಗಾಳಿಗೆ ಮೂರು ಕಡೆ ತಗಡು ನಿಲ್ಲಿಸಿ, ಬರ್ನರ್‌ಗೆ ಮಾತ್ರ. ಸಿಲಿಂಡರ್ ತಗಡಿನ ಹೊರಗಿರಲಿ, ಬಿಸಿ ತಾಗಬಾರದು. ಹತ್ತಿ ಅಥವಾ ಹುಲ್ಲಿನ ಲೋಡ್ ಇದ್ದರೆ ಆ ಟ್ರಿಪ್ ಢಾಬಾದಲ್ಲೇ ಉಣ್ಣಿ. ಟ್ಯಾಂಕರ್ ಓಡಿಸುವವರಿಗಂತೂ ಈ ಸಿಲಿಂಡರ್ ಅಲ್ಲವೇ ಅಲ್ಲ. ತಮಾಷೆ ಅಂದರೆ, ಸಿಲಿಂಡರ್ ಮಾರುವುದು ಬಂಕಿನಲ್ಲಿ, ಆದರೆ ಆ ಬಂಕಿನ ಆವರಣದಲ್ಲಿ ಒಲೆ ಹಚ್ಚುವಂತಿಲ್ಲ. ನಿಲ್ಲಿಸಲು ಬೇರೆ ಜಾಗ ಹುಡುಕಬೇಕು.

ಡಿಸೆಂಬರ್–ಜನವರಿಯಲ್ಲಿ ಉತ್ತರದ ಕಡೆ ಹೋದರೆ ಬೆಳಗಿನ ಹೊತ್ತು ಉರಿ ಸಣ್ಣದಾಗುತ್ತದೆ. ಗ್ಯಾಸಿನಲ್ಲಿರುವ ಬ್ಯೂಟೇನ್ ಚಳಿಗೆ ಸರಿಯಾಗಿ ಆವಿಯಾಗುವುದಿಲ್ಲ, ಅದರಲ್ಲೂ ಸಿಲಿಂಡರ್ ಮುಗಿಯುತ್ತಾ ಬಂದಾಗ. ಬೆಂಕಿ ಹಿಡಿದು ಬಿಸಿ ಮಾಡಲು ಹೋಗಬೇಡಿ. ಬಿಸಿಲೇರಿದ ಮೇಲೆ ತಾನೇ ಸರಿಹೋಗುತ್ತದೆ.

ಖರೀದಿಸುವವರು ಐಎಸ್ಐ ಗುರುತಿನ ರೆಗ್ಯುಲೇಟರ್, ತಂತಿ ಹೆಣೆದ ರಬ್ಬರ್ ಪೈಪ್, ಕಬ್ಬಿಣದ ಸ್ಟ್ಯಾಂಡ್ ಇರುವ ಒಂಟಿ ಬರ್ನರ್ ತೆಗೆದುಕೊಳ್ಳಿ. ಗಾಜಿನ ಟಾಪ್ ಒಲೆ ನಮ್ಮ ರಸ್ತೆಗಳಿಗೆ ಬಾಳುವುದಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಒಂದು ಜಾಸ್ತಿ ಇರಲಿ. ನಿಮ್ಮ ಕುಕ್ಕರಿನ ಅಳತೆಯದು ಹೈವೇ ಅಂಗಡಿಯಲ್ಲಿ ಸಿಗುವುದು ಅಪರೂಪ.